ಮಂಡಕ್ಕಿ ಭಟ್ಟಿಯ ಕಡೆಗೆ ತಿರುಗಿ ನಕ್ಕಿದ್ದು

ದಾವಣಗೆರೆಯ ನಮ್ಮ ಪಾರ್ಕಿನಲ್ಲಿ ಬೆಳಿಗ್ಗೆ ಆರಕ್ಕೆ ಹನ್ನೊಂದು ಮಂದಿ ಸೇರಿ ನಗುತ್ತಿದ್ದೆವು. ಒಂಬತ್ತೂ ಇರಬಹುದು, ನೆನಪು ತನಗೆ ಬೇಕಾದಷ್ಟು ಜನರನ್ನು ಸೇರಿಸಿಕೊಳ್ಳುತ್ತದೆ. ಎಲ್ಲರೂ ಅಂಗಡಿ ಮಕ್ಕಳಿಗೊಪ್ಪಿಸಿ ಹೊಟ್ಟೆ ಬೆಳೆಸಿದವರು. ಕೈ ಎತ್ತಿ, ಕಾರಣವಿಲ್ಲದೆ ನಗುವುದು ವೈದ್ಯರ ಸಲಹೆ. ಗೋಡೆಯಾಚೆ ಮಂಡಕ್ಕಿ ಭಟ್ಟಿ. ಅದರ ಹೊಗೆ ಬಂದರೆ ನಗು ಕೆಮ್ಮಾಗುತ್ತಿತ್ತು. ಭಟ್ಟಿ ಮುಚ್ಚಿಸಿ ಎಂದು ಅರ್ಜಿ ಬರೆದು ಎಲ್ಲರೂ ಸಹಿ ಹಾಕಿದೆವು. ಪಾಲಿಕೆಗೆ ಕೊಡುವ ಮುನ್ನ ಒಂದು ಮಾತು ಹೇಳಿ ಬರಲು ನನ್ನನ್ನು ಕಳಿಸಿದರು. ಪತ್ರಿಕೆಗೆ ಅಷ್ಟಿಷ್ಟು ಬರೆಯುವವನಿಗೆ ಮಾತೂ ಬರುತ್ತದಂತೆ.

ಸಂಜೆ ಹೋದಾಗ ಭಟ್ಟಿಯ ಒಡತಿ ಬಾಣಲೆ ಮುಂದೆ ಕೂತಿದ್ದಳು. ಬಾಯಿ ತೆರೆದೆ.

"ಸುಮ್ನಿರ್ರಿ ಸಾವ್ಕಾರ್ರೆ, ಸಪ್ಳ ಕೇಳಾಕೆ ಬಿಡ್ರಿ. ಚಣ ತಪ್ಪಿದ್ರೆ ಸೀದು ಹೋಗ್ತೈತೆ."

ಬಿಸಿ ಮರಳಲ್ಲಿ ಅಕ್ಕಿ ಪಟಪಟ ಸಿಡಿಯಿತು. ಸದ್ದು ತೆಳುವಾದ ಕ್ಷಣ ಜರಡಿಗೆ ಸುರಿದಳು. ಹೀಗೆ ನಾಲ್ಕು ಬಾಣಲೆ. ಅಷ್ಟು ಹೊತ್ತು ನಾನು ಬಾಯಿ ಮುಚ್ಚಿದ್ದೆ ಎಂದರೆ ಹೆಂಡತಿ ಈಗಲೂ ನಂಬುವುದಿಲ್ಲ.

"ಈಗ ಹೇಳ್ರಿ."

ಅರ್ಜಿ ಓದಿದೆ.

"ಇದನ್ನ ಕೊಟ್ರೆ ನಾಕು ಮನೆ ಒಲೆ ಆರ್ತವೆ. ಇರ್ಲಿ, ಒಂದು ಹೇಳ್ರಿ. ದಿನಾ ನಮ್ಮನ್ನ ನೋಡಿ ಯಾಕ ನಗ್ತೀರಿ?"

"ನಿಮ್ಮನ್ನಾ?"

"ರಾತ್ರಿಯೆಲ್ಲ ಹುರಿದು, ಮಸಿ ಮುಖ ಹೊತ್ಕಂಡು ಹೊರಗ ಬರ್ತೀವಿ. ಆಗ್ಲೇ ನೀವು ಈ ಕಡೆ ತಿರುಗಿ ಹೋ ಹೋ ಅಂತೀರಿ. ಎರಡು ವರ್ಸ ಆತು."

"ಅದು ಪೂರ್ವ ದಿಕ್ಕುರೀ ಅಮ್ಮಾ. ವ್ಯಾಯಾಮ."

"ನಗಾದಾ?"

"ಹೂಂ. ಕಾರಣ ಏನೂ ಇರಲ್ಲ."

ಅವಳು ಒಳಗೆ ಚೀಲ ತುಂಬುತ್ತಿದ್ದ ಹೆಂಗಸರಿಗೆ ಕೂಗಿದಳು: "ಕೇಳ್ರೇ, ಇವ್ರಿಗೆ ಕಾರಣಾನೇ ಇಲ್ಲಂತೆ!" ಒಳಗಿನವರು ನಕ್ಕರು. ಅವರಿಗೆ ಕಾರಣವಿತ್ತು.

ಆಗ ಕೇಳಿದೆ, ಆರಕ್ಕೇ ಯಾಕೆ ಅಷ್ಟು ಹೊಗೆ ಎಂದು.

"ಬೆಂಕಿಗೆ ನೀರು ಹೊಡೆಯಾ ಹೊತ್ತು. ಹರಿಹರಕ್ಕೆ ಕಳ್ಸಾ ಚೀಲ ಐದಕ್ಕೇ ತುಂಬಿ ಮುಗೀತವೆ. ಚಾ ಕುಡಿದು ನಿಧಾನ ಆರಿಸ್ತೀವಿ. ಯಾರಾದ್ರೂ ಮೊದ್ಲೇ ಕೇಳಿದ್ದಿದ್ರೆ ಐದಕ್ಕೇ ಆರಿಸ್ತಿದ್ವಿ."

ಅರ್ಜಿ ಹರಿದೆಸೆದೆ ಎಂದು ಬರೆಯಲು ಚೆನ್ನಾಗಿರುತ್ತದೆ. ನಾನು ಅದನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅವಳೇ ಕೈಯಿಂದ ಕಿತ್ತುಕೊಂಡು, ಪೊಟ್ಟಣ ಸುತ್ತಿ, ಬಿಸಿ ಮಂಡಕ್ಕಿ ತುಂಬಿ ಕೊಟ್ಟಳು. ಮರುದಿನ ಸಹಿ ಮಾಡಿದವರೆಲ್ಲ ತಂತಮ್ಮ ಸಹಿಯ ಮೇಲಿನಿಂದಲೇ ತಿಂದರು.

ಈಗ ಐದಕ್ಕೆ ಬೆಂಕಿ ಆರುತ್ತದೆ. ನಾವು ಪಶ್ಚಿಮಕ್ಕೆ ತಿರುಗಿ ನಗುತ್ತೇವೆ. ಬೆನ್ನ ಹಿಂದೆ, ಗೋಡೆಯಾಚೆ, ಯಾರೋ ಚಾ ಕುಡಿಯುತ್ತಾ ನಗುವುದು ಕೇಳಿಸುತ್ತದೆ. ಅದು ವ್ಯಾಯಾಮವಲ್ಲ.