ಸಮುದ್ರದ ಅರಿಶಿನ

ಕಳೆದ ಸೋಮವಾರ ತುಕ್ಕಾನಟ್ಟಿಯ ಸಿದ್ರಾಮ ಕಾಕಾ ಒಂದು ಚೀಲ ಕೊಳೆತ ಅರಿಶಿನ ಗಡ್ಡೆ ತಂದು ನಮ್ಮ ಕಟ್ಟೆಯ ಮೇಲೆ ಸುರಿದರು. (ವಾಸನೆ ಇನ್ನೂ ಹೋಗಿಲ್ಲ.)

“ಎಲ್ಲಿ ನಿಮ್ಮ ಮೊಮ್ಮಗಳು? ಹೊಲದ ತುಂಬ ಗಡ್ಡಿ ಕೊಳಿಯಾಕತ್ತಾವ. ರಜಾಕ್ಕ ಬಂದ್ಳಂದ್ರ ಔಷಧ ಹೇಳ್ತಾಳ ಅಂದಿದ್ರೆಲ್ರಿ!”

ಅಂದಿದ್ದೆ. ಅವರಿಗಷ್ಟೇ ಅಲ್ಲ, ಮೂಡಲಗಿ ಸಂತೆಯಲ್ಲಿ, ಹುಕ್ಕೇರಿಯ ಬೀಗರ ಮನೆಯಲ್ಲಿ, ಗೋಕಾಕ ಬಸ್ಸಿನ ಕಂಡಕ್ಟರನ ಎದುರಲ್ಲೂ ಅಂದಿದ್ದೆ.

ನನ್ನ ಶಾಲೆ ಮೂರನೇ ಇಯತ್ತೆಗೇ ಮುಗಿದದ್ದು ನಿಮಗೆ ಗೊತ್ತು. ಮೊಮ್ಮಗಳು ಶಿವಲೀಲಾ ಕಡಲದಂಡೆಯ ಊರಲ್ಲಿ ಸಂಶೋಧನೆಗೆ ಸೇರಿದಾಗ, ಯಾವುದರ ಮೇಲೆ ಎಂದು ಫೋನಿನಲ್ಲಿ ಕೇಳಿದ್ದೆ. “ಸೀ ಅರ್ಚಿನ್, ಆಯಿ” ಎಂದಳು. ನನಗೆ ಕೇಳಿಸಿದ್ದು ‘ಅರ್ಷಿಣ’. ಅರಿಶಿನ ಬೆಳೆಯುವ ಸೀಮೆಯ ಮುದುಕಿಗೆ ಇನ್ನೇನು ಕೇಳಿಸಬೇಕು? (‘ಸೀ’ ಎಂದರೆ ಹೊಸ ತಳಿ ಅಂದುಕೊಂಡೆ.)

ರಜೆಗೆ ಬಂದಿದ್ದ ಶಿವಲೀಲಾ ಹೊರಗೆ ಬಂದು, ತಾನು ಓದುವುದು ಇದರ ಮೇಲೆ ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ದತ್ತೂರಿ ಕಾಯಿಯಂಥ ಮುಳ್ಳಿನ ಚೆಂಡು. ಸಮುದ್ರದ ಜೀವಿ, ಬೆನ್ನೆಲುಬಿಲ್ಲ. (ಆ ಕ್ಷಣ ನನಗೂ ಇರಲಿಲ್ಲ.)

ಕಾಕಾ ಬಗ್ಗಿ ನೋಡಿದರು. “ಇದನ್ನ ಹೊಲಕ್ಕ ಹಾಕಬೇಕೇನವಾ?”

“ಇಲ್ರಿ ಕಾಕಾ. ಗಡ್ಡಿ ರೋಗ ನನಗ ತಿಳಿಯಂಗಿಲ್ಲ. ಅರಭಾವಿ ತೋಟಗಾರಿಕಿ ಕಾಲೇಜಿನ್ಯಾಗ ತಿಳದವ್ರು ಅದಾರ. ನಡೀರಿ, ನಾನೂ ಬರ್ತೇನಿ.”

ಮಾತು ಕೊಟ್ಟವಳು ನಾನಲ್ಲವೇ? ನಾನೂ ಹೊರಟೆ.

ಬಸ್ಸಿನಲ್ಲಿ ಅವಳು ಮೊಬೈಲಿನಲ್ಲೇ ಒಂದು ಡೇಟಾಬೇಸ್ ತೆರೆದಳು. ಆ ಮುಳ್ಳುಚೆಂಡಿನ ಎಲ್ಲ ಜೀನ್‌ಗಳೂ ಅದರಲ್ಲಿವೆಯಂತೆ. ತತ್ತಿ ಮರಿಯಾಗುವಾಗ ಯಾವುದು ಯಾವಾಗ ಕೆಲಸಕ್ಕಿಳಿಯುತ್ತದೆ ಎಂದು ದೇಶದೇಶದವರು ಕೂಡಿ ಬರೆದಿಟ್ಟಿದ್ದಾರೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು.

“ಕೀಲಿ ಹಾಕಂಗಿಲ್ಲೇನ?”

“ಇಲ್ಲ, ಆಯಿ.”

ನಾನು ಮಸಾಲೆಯ ಅಳತೆಯನ್ನೇ ಇನ್ನೂ ಸೊಸೆಗೆ ಹೇಳಿಲ್ಲ!

“ಇಲ್ಲಿ ನೋಡು. ಒಂದು ಜೀನಿನ ಕೆಲಸ ಯಾರೋ ತಪ್ಪು ಬರದಿದ್ರು. ನಾ ತಿದ್ದಿ ಕಳಿಸಿದ್ದೆ. ತಪಾಸ ಮಾಡಿ ಒಪ್ಕೊಂಡಾರ. ಇದು ನನ್ನ ಹೆಸರು.”

ಇಂಗ್ಲಿಷ್ ಅಕ್ಷರ ನನಗೆ ಬಾರದು. ಆದರೂ ಆ ಹೆಸರನ್ನು ಸವರಿದೆ. ಪುಟವೇ ಜಾರಿಹೋಯಿತು! ಅವಳು ಮತ್ತೆ ತಂದುಕೊಟ್ಟಳು. ಕಣ್ಣು ಮಂಜಾಗಿ ಈ ಸಲ ಏನೂ ಕಾಣಲಿಲ್ಲ.

“ಹಳೇ ತಪ್ಪು ಅಳಿಸಿಬಿಟ್ರೇನ?”

“ಅಳಿಸಂಗಿಲ್ಲ. ಎಲ್ಲಿ ತಪ್ಪಿತ್ತು ಅಂತ ಮುಂದಿನವ್ರಿಗೆ ತಿಳೀಬೇಕಲ್ಲ.”

ಅರಭಾವಿಯಲ್ಲಿ ಗಡ್ಡೆ ನೋಡಿದವರು, ಹೊಲದಲ್ಲಿ ನೀರು ನಿಲ್ಲಿಸಬೇಡಿ, ಮೊದಲು ಬಸಿಗಾಲುವೆ ತೆಗೆಯಿರಿ ಎಂದರು. ಔಷಧವನ್ನೂ ಬರೆದುಕೊಟ್ಟರು. ಅರ್ಧ ಹೊಲವಾದರೂ ಕೈಗೆ ಹತ್ತಬಹುದಂತೆ. ಕಾಕಾ ನನಗೆ ಕೈಮುಗಿದು, “ಬರ್ತೇನ್ರಿ, ಸಮುದ್ರದ ಅರ್ಷಿಣದ ಆಯಿ” ಎಂದು ಹೊಲದ ಕಡೆ ನಡೆದರು.

ಆದ್ದರಿಂದ ಮೂಡಲಗಿ, ಹುಕ್ಕೇರಿ, ಗೋಕಾಕದ ಬಂಧುಗಳೇ, ತಿದ್ದಿಕೊಳ್ಳಿ: ಅರಿಶಿನ ಅಲ್ಲ, ಅರ್ಚಿನ್. ಹಳೆಯ ತಪ್ಪನ್ನು ನಾನೂ ಅಳಿಸಿಲ್ಲ.

ಆದರೆ ವಾಪಸ್ ಬರುವಾಗ ಕಂಡಕ್ಟರನಿಗೆ, “ನನ್ನ ಮೊಮ್ಮಗಳು ಇಡೀ ಸಮುದ್ರದ ತಪ್ಪು ತಿದ್ಯಾಳೋ ತಮ್ಮಾ!” ಎಂದುಬಿಟ್ಟೆ. ಇದನ್ನು ಯಾರು ತಿದ್ದಬೇಕು?