ಮೂವತ್ತೊಂಬತ್ತು ಸಲ ಸತ್ತ ಅಜ್ಜ

ಸುಳ್ಳು ಅಂತೀಯಾ? ಕೇಳಪ್ಪಾ, ಒಂದೇ ದಿನ ಮೂವತ್ತೊಂಬತ್ತು ಸಲ ಸತ್ತವನು ನಾನು. ಅದೂ ಇಂಗ್ಲಿಷಿನಲ್ಲಿ!

ನಗಬೇಡ. ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ್ದೇನೆ. ಭೂತಗನ್ನಡಿ ಸಿಕ್ಕಿಸಿ ಸಿಕ್ಕಿಸಿ ಹುಬ್ಬಿನ ಕೆಳಗೆ ಗುಳಿ ಬಿದ್ದಿದೆ. ಯಾರ ಮಾತನ್ನೂ ನಂಬುವವನಲ್ಲ. ‘ನೀರೇ ತಾಗಿಲ್ಲ’ ಎಂದವರ ಗಡಿಯಾರದೊಳಗೆ ಅರ್ಧ ಕೆರೆ, ಒಂದು ಮೀನು ಕಂಡಿದ್ದೇನೆ. ಮೀನಿನ ಮಾತು ಆಮೇಲೆ.

ಮೊಮ್ಮಗಳು ಹೊರದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಅದಕ್ಕೆ ಇಂಗ್ಲಿಷ್ ಪರೀಕ್ಷೆಯ ಅಂಕ ಬೇಕು; ಮೈಕಿನ ಮುಂದೆ ಕೂತು ಮಾತಾಡಬೇಕು. ಕೋಚಿಂಗ್ ಕ್ಲಾಸಿನಲ್ಲಿ ‘ನೀವು ಮೆಚ್ಚುವ ಹಿರಿಯರು’ ಎಂದಾಗ ಅವಳು ನನ್ನ ಕಥೆ ಹೇಳಿದಳು. ಮೇಷ್ಟ್ರಿಗೆ ಹಿಡಿಸಿಬಿಟ್ಟಿತು. ಇಡೀ ಕ್ಲಾಸಿಗೆ ಅದನ್ನೇ ಬಾಯಿಪಾಠ ಮಾಡಿಸಿದ. ಕೊನೆಯ ಸಾಲಿನಲ್ಲಿ ನನ್ನನ್ನು ಸಾಯಿಸಿಯೂಬಿಟ್ಟ. ಕಣ್ಣೀರಿಗೆ ಅಂಕ ಜಾಸ್ತಿಯಂತೆ!

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಕ್ಲಾಸಿನ ನಲವತ್ತು ಜನಕ್ಕೂ ಒಬ್ಬನೇ ಅಜ್ಜ, ಒಂದೇ ಅಂಗಡಿ. ಎಲ್ಲರ ಫಲಿತಾಂಶವನ್ನೂ ತಡೆಹಿಡಿದರು, ನಿಜ ಹೇಳಿದ ಮೊಮ್ಮಗಳದ್ದೂ ಸೇರಿ. ವಿಶ್ವವಿದ್ಯಾಲಯಕ್ಕೆ ಅಂಕ ತಲುಪಿಸಲು ಉಳಿದದ್ದು ಒಂಬತ್ತೇ ದಿನ.

ಅವಳನ್ನು ಕರೆದುಕೊಂಡು ಪರೀಕ್ಷಾ ಕಚೇರಿಗೆ ಹೋದೆ. “ಆ ಅಜ್ಜ ನಾನೇ ಕಣಮ್ಮಾ. ಇವಳೊಬ್ಬಳೇ ನನ್ನನ್ನ ಸಾಯಿಸಿಲ್ಲ, ನೋಡಿ.”

“ಕೊನೇ ಸಾಲು ಮರೆತಿರ್ಬೇಕು,” ಎಂದರು ಅಧಿಕಾರಿ ಮೇಡಂ. “ನೀವೇನು, ಬಾಡಿಗೆಗೆ ಬಂದಿದ್ದೀರಾ?”

“ಬಾಡಿಗೆಗಾಗಿದ್ರೆ ಇದಕ್ಕಿಂತ ಚೆನ್ನಾಗಿರೋ ಅಜ್ಜ ಸಿಗ್ತಿದ್ದ!”

ಅವರು ನಗಲಿಲ್ಲ. ಮೊಮ್ಮಗಳನ್ನು ಪಕ್ಕದ ಕೋಣೆಗೆ ಕಳಿಸಿ ಬಾಗಿಲು ಹಾಕಿಸಿದರು. ಕಪಾಟಿನ ಮೇಲೆ ನಿಂತುಹೋಗಿದ್ದ ಗಡಿಯಾರ ತಂದು ನನ್ನ ಕೈಗಿಟ್ಟರು. ಅಭ್ಯಾಸಬಲ, ಕಣ್ಣು ಮುಚ್ಚಿ ಕಿವಿಗೆ ಒತ್ತಿಕೊಂಡು ಮೆಲ್ಲಗೆ ಅಲ್ಲಾಡಿಸಿದೆ. ಅದನ್ನು ನೋಡಿಕೊಂಡು ಮೇಡಂ ಪಕ್ಕದ ಕೋಣೆಗೆ ಹೋದರು. ಬಾಗಿಲ ಸಂದಿಯಿಂದ ಮಾತು ಕೇಳಿಸಿತು.

“ನಿಮ್ಮಜ್ಜನಿಗೆ ಗಡಿಯಾರ ಕೊಟ್ರೆ ಮೊದಲು ಏನು ಮಾಡ್ತಾರೆ?”

“ಮುಚ್ಚಳ ಮುಟ್ಟೋದೇ ಇಲ್ಲ ಮೇಡಂ. ಕಣ್ಣು ಮುಚ್ಚಿ ಕಿವಿಗಿಟ್ಕೋತಾರೆ. ಆಮೇಲೆ ತಂದೋರನ್ನ ಕಳ್ಳರ ಥರ ನೋಡ್ತಾರೆ.”

“ಇದು ನಿಮ್ಮ ಮೇಷ್ಟ್ರ ಪಾಠದಲ್ಲಿ ಇರ್ಲಿಲ್ಲ,” ಎಂದು ಗೊಣಗಿಕೊಂಡು ಮೇಡಂ ಹೊರಗೆ ಬಂದರು. ನಾನು ಅವರನ್ನು ದುರುಗುಟ್ಟಿ ನೋಡುತ್ತಿದ್ದೆ.

“ಇದನ್ನ ಬೀಳಿಸಿದ್ದು ನೀವೇ ಅಲ್ವಾ?”

ಮೇಡಂ ಮುಖ ಕೆಂಪಾಯಿತು. ಮಾರನೇ ದಿನವೇ ಮೊಮ್ಮಗಳ ಅಂಕ ಹೊರಟಿತು. ಉಳಿದ ಮೂವತ್ತೊಂಬತ್ತು ಕೊಲೆಗಾರರು ಮತ್ತೆ ಪರೀಕ್ಷೆಗೆ ಕೂತರು.

ಹಾಂ, ಮೀನು! ಆ ಮೀನು ಏನು ಮಾಡಿತು ಗೊತ್ತಾ—

“ಅಜ್ಜಾ, ಊಟಕ್ಕೆ ಬಾ!” ಒಳಗಿನಿಂದ ಮೊಮ್ಮಗಳು ಕೂಗಿದಳು. “ಅಷ್ಟು ಸಲ ಸತ್ರೂ ಹಸಿವಾಗಲ್ವಾ?”