ತಂದ ದಿನದಿಂದಲೂ ನಿಲ್ಲುತ್ತಿದ್ದ ಕಾರು

ಆ ಕಾರು ತಂದ ದಿನದಿಂದಲೂ ಹಾಗೇ ಇತ್ತು ಎಂದು ನಾನು ಹೆಂಡತಿಗೆ ಹೇಳಿದ್ದೆ, ಮೆಕ್ಯಾನಿಕ್‌ಗೆ ಹೇಳಿದ್ದೆ, ಕೊನೆಗೆ ಫೋನು ಮಾಡಿ ಅದನ್ನು ನನಗೆ ಮಾರಿದವರಿಗೇ ಹೇಳಿದ್ದೆ. ಹೇಳಿದ ಪ್ರತಿ ಸಲವೂ ಆ ಮೊದಲ ದಿನ ಕಣ್ಣಿಗೆ ಕಟ್ಟಿದಂತೆ ಇತ್ತು: ಶಾಮನೂರಿನಿಂದ ಮನೆಗೆ ಬರುವಾಗ ಸಿಗ್ನಲ್ಲಿನಲ್ಲಿ ಇಂಜಿನ್ ನಡುಗಿ ನಿಂತದ್ದು, ಹಿಂದಿನ ಆಟೋದವನು ಹಾರ್ನ್ ಒತ್ತಿದ್ದು.

ಮಾರಿದವರು ದಾವಣಗೆರೆ ಪಕ್ಕದ ಶಾಮನೂರಿನವರು. ಹರಿಹರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ದುಡಿದು ನಿವೃತ್ತರಾದವರು. ನಾನು ಹರಿಹರದ ಕಾಲೇಜಿನಲ್ಲಿ ಪಾಠ ಹೇಳುವವನು. ಹದಿನಾಲ್ಕು ವರ್ಷ ದಾವಣಗೆರೆಯಿಂದ ಬೆಳಗಿನ ಒಂದೇ ಬಸ್ಸಿಗೆ ಹೋದೆವು. ಬಸ್‌ಸ್ಟ್ಯಾಂಡಿಗೆ ಅವರೇ ಮೊದಲು ಬರುತ್ತಿದ್ದರು. ಪಕ್ಕದ ಸೀಟಿನ ಮೇಲೆ ಊಟದ ಚೀಲ ಇಟ್ಟು ನನಗೆ ಜಾಗ ಹಿಡಿದಿರುತ್ತಿದ್ದರು. ಹೆಚ್ಚು ಮಾತಾಡಿದೆವು ಎಂದಲ್ಲ. ಆದರೆ ಚೀಲ ಎತ್ತಿ ಮಡಿಲಲ್ಲಿ ಇಟ್ಟುಕೊಂಡು ‘ಕೂಡ್ರಿ ಮೇಷ್ಟ್ರೆ’ ಎನ್ನುವಷ್ಟು ಹತ್ತಿರದವರು ನನಗೆ ಈ ಊರಿನಲ್ಲಿ ಬೇರೆ ಯಾರೂ ಇರಲಿಲ್ಲ.

ನನ್ನ ಮೊಣಕಾಲು ಬಸ್ಸಿನ ಮೆಟ್ಟಿಲಿಗೆ ಒಗ್ಗದಾದಾಗ ತಮ್ಮ ಹಳೆಯ ಸಣ್ಣ ಕಾರನ್ನು ಅವರು ಅಗ್ಗಕ್ಕೆ ಕೊಟ್ಟರು. ಚೋಕ್ ಗುಂಡಿ ಎಳೆದು ಸ್ಟಾರ್ಟ್ ಮಾಡುವ ಕಾಲದ್ದು. ಇಪ್ಪತ್ತು ವರ್ಷಕ್ಕೂ ಮೇಲೆ ತಾವೇ ರಿಪೇರಿ ಮಾಡಿಕೊಂಡು ಬಂದಿದ್ದರು.

ಕಾರ್ತಿಕದ ಹೊತ್ತಿಗೆ ನಾನು ಸೋತಿದ್ದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಕೆಮ್ಮಿ ಕೆಮ್ಮಿ ಹತ್ತುತ್ತಿತ್ತು. ಓಡುವಾಗ ಸರಿ. ಆಕ್ಸಿಲರೇಟರಿನಿಂದ ಕಾಲು ತೆಗೆದೆನೋ, ನಡುಗಿ ನಿಲ್ಲುತ್ತಿತ್ತು. ಬಿಸಿಯಾದ ಮೇಲೆ ನಿಂತರೆ ಮತ್ತೆ ಹತ್ತಿಸಲು ಕಾಲು ಪೂರ್ತಿ ಒತ್ತಿ ಹಿಡಿಯಬೇಕು. ಒಳಗೆಲ್ಲ ಪೆಟ್ರೋಲ್ ವಾಸನೆ. ಪಿ.ಬಿ. ರಸ್ತೆಯ ಪ್ರತಿ ಸಿಗ್ನಲ್ಲಿನಲ್ಲೂ ಒಂದೇ ಬಲಗಾಲನ್ನು ಬ್ರೇಕಿಗೂ ಆಕ್ಸಿಲರೇಟರಿಗೂ ಹಂಚುವುದನ್ನು ಕಲಿತೆ. ಕಾಲೇಜು ತಲುಪುವಷ್ಟರಲ್ಲಿ ಪಾಠ ಮಾಡುವ ಶಕ್ತಿ ಉಳಿಯುತ್ತಿರಲಿಲ್ಲ.

ಹರಿಹರದ ಬಸ್‌ಸ್ಟ್ಯಾಂಡಿನ ಮುಂದೆ ಮೂರು ಸಲ ನಿಂತು, ಇಬ್ಬರು ಹಮಾಲರು ತಳ್ಳಿ ಬದಿಗೆ ಹಾಕಿದ ದಿನ, ಅಲ್ಲಿಂದಲೇ ಅವರಿಗೆ ಫೋನು ಮಾಡಿದೆ. ‘ಅಣ್ಣಾರೆ, ಇದು ತಂದ ದಿನದಿಂದ್ಲೂ ಹಿಂಗೇ ಐತೆ. ನಿಮಗೆ ಗೊತ್ತಿತ್ತೇನೋ’ ಎಂದೆ. ಇಷ್ಟೇ ಎಂದದ್ದು ಎಂದು ನನ್ನ ನೆನಪು. ಅವರು ‘ಗಾಡಿ ವಾಪಸ್ ತಂದು ಬಿಡ್ರಿ’ ಎಂದು ಇಟ್ಟುಬಿಟ್ಟರು. ಆಮೇಲೆ ಎರಡು ಸಲ ಮಾಡಿದೆ, ಎತ್ತಲಿಲ್ಲ.

ವಿನೋಬನಗರದ ಮೆಕ್ಯಾನಿಕ್ ಭಾಯ್ ನನ್ನ ವಯಸ್ಸಿನವರೇ. ಮೊದಲ ಎರಡು ಸಲ ಪ್ಲಗ್ ಬಿಚ್ಚಿ ಮಸಿ ತೆಗೆದು ಕಳಿಸಿದ್ದರು. ನಾಲ್ಕು ದಿನ ಸರಿ, ಐದನೆಯ ದಿನ ಮತ್ತೆ ಅದೇ. ಮೂರನೆಯ ಸಲ ಬಾನೆಟ್ ಮುಟ್ಟುವ ಮೊದಲು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು.

‘ಪ್ಲಗ್ ಕಪ್ಪಗಾಗ್ತೈತೆ ಅಂದ್ರೆ ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ. ಏರ್ ಫಿಲ್ಟರ್ ನೋಡ್ತೀನಿ ಅಂದ್ರೆ ನೀವು ಬ್ಯಾಡ ಅಂತೀರಿ.’

‘ನಾನೇ ಬಿಚ್ಚಿ ನೋಡೀನಿ ಭಾಯ್. ಸ್ವಚ್ಛ ಐತೆ.’

‘ಯಾವಾಗ ನೋಡಿದ್ರಿ?’

‘ಆಯುಧ ಪೂಜೆಗೆ.’

‘ಪೂಜೆಗೆ ಫಿಲ್ಟರ್ ಯಾಕ ಬಿಚ್ಚಿದ್ರಿ?’

ಕೇಳುತ್ತಲೇ ಅವರು ಬಾನೆಟ್ ತೆರೆದು, ಫಿಲ್ಟರಿನ ದುಂಡನೆಯ ಮುಚ್ಚಳ ತೆಗೆದು, ಫಿಲ್ಟರ್ ಎತ್ತಿ, ಅದರಡಿ ಇದ್ದ ಕಾರ್ಬುರೇಟರಿನ ಬಾಯಿಯೊಳಗೆ ಬೆರಳು ಆಡಿಸಿದರು. ಬೆರಳು ಕೆಂಪಾಗಿ ಬಂತು. ತುದಿಗೆ ಒಣಗಿದ ಚೆಂಡುಹೂವಿನ ಒಂದು ಎಸಳು.

‘ಅರೆ ಮೇಷ್ಟ್ರೆ! ಎಲ್ರೂ ಕುಂಕುಮ ಗಾಡಿ ಹಣೆಗೆ ಹಚ್ತಾರೆ. ನೀವು ಮೂಗಿನಾಗೇ ಹಾಕೀರಲ್ರಿ. ಉಸಿರು ಹೆಂಗೆ ಆಡ್ಬೇಕು ಅದು?’

ಗಾಡಿ ನಿಂತು ಇಂಜಿನ್ ಮಾತ್ರ ಓಡುವಾಗ ಅದಕ್ಕೆ ಗಾಳಿ ಹೋಗುವ ದಾರಿ ಸೂಜಿ ತೂರುವಷ್ಟು ಸಣ್ಣದಂತೆ. ಕುಂಕುಮ ಅದರಲ್ಲಿ ಪೆಟ್ರೋಲಿನ ಜೊತೆ ಸೇರಿ ಗಟ್ಟಿಯಾಗಿ ಕೂತಿತ್ತು. ಓಡುವಾಗ ಗಾಳಿ ದೊಡ್ಡ ದಾರಿಯಿಂದ ಬರುವುದರಿಂದ ತೊಂದರೆ ಕಾಣುತ್ತಿರಲಿಲ್ಲ. ಪೂಜೆಯಲ್ಲಿ ನನಗೆ ಅಂಥ ನಂಬಿಕೆ ಇಲ್ಲ. ಬಹುಶಃ ಅದಕ್ಕೇ, ಮಾಡುವುದಾದರೆ ಸರಿಯಾದ ಜಾಗಕ್ಕೇ ಮಾಡೋಣ ಎಂದು, ಬಾನೆಟ್ಟಿನ ತಗಡು ಬಿಟ್ಟು ಇಂಜಿನ್ ಉಸಿರಾಡುವ ಬಾಯಿಗೇ ಕುಂಕುಮ ಹಚ್ಚಿ ಹೂವು ಏರಿಸಿದ್ದೆ. ಓದಿದವನ ಪೂಜೆ.

ಭಾಯ್ ಕಾರ್ಬುರೇಟರ್ ತೊಳೆದು ಕೊಟ್ಟ ಮೇಲೆ ಮನೆಗೆ ಬಂದು ದಿನಚರಿ ತೆಗೆದೆ. ಕಾರು ತಂದ ದಿನದ ಪುಟ: ‘ಒಂದೇ ಸಲ ಸೆಲ್ಫ್ ಹೊಡೆದದ್ದಕ್ಕೆ ಹತ್ತಿತು. ಸಿಗ್ನಲ್ಲಿನಲ್ಲಿ ಇಂಜಿನ್ ಓಡುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ, ಅಷ್ಟು ಮೆತ್ತಗೆ.’ ನನ್ನದೇ ಅಕ್ಷರ. ಅಲ್ಲಿಂದ ಆಯುಧ ಪೂಜೆಯವರೆಗೆ ಎರಡು ತಿಂಗಳು, ಗಾಡಿ ನಿಂತಿತು ಎಂಬ ಒಂದು ಸಾಲೂ ಇಲ್ಲ. ಆ ಆಟೋದವನು ಆಮೇಲೆ ಎಂದೋ ಹಾರ್ನ್ ಒತ್ತಿದವನು; ಅವನನ್ನು ಹಿಂದಕ್ಕೆ ಒಯ್ದು ಮೊದಲ ದಿನದಲ್ಲಿ ನಿಲ್ಲಿಸಿದವನು ನಾನು. ಫೋನು ಮಾಡಿದ ದಿನದ ಪುಟದಲ್ಲಿ ‘ತುಂಬಾ ದಣಿವು’ ಎಂದಷ್ಟೇ ಇದೆ. ಫೋನಿನ ಸುದ್ದಿಯೇ ಇಲ್ಲ. ಬಿಟ್ಟದ್ದು ದಣಿವಿಗೋ ನಾಚಿಕೆಗೋ? ಈಗ ನಾನು ಕೊಡುವ ಉತ್ತರವನ್ನು ನಾನೇ ನಂಬುವುದಿಲ್ಲ.

ಮರುದಿನ ಬೆಳಿಗ್ಗೆ ಶಾಮನೂರಿಗೆ ಹೋಗಿ ಅವರ ಮನೆ ಮುಂದೆ ಕಾರು ನಿಲ್ಲಿಸಿದೆ. ಇಂಜಿನ್ ಬಂದ್ ಮಾಡಲಿಲ್ಲ. ಸದ್ದಿಗೇ ಹೊರಬಂದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಅದೇ ಚೀಲ, ಎಲ್ಲಿಗೋ ಹೊರಟಿದ್ದರು.

‘ತಪ್ಪು ನಂದು ಅಣ್ಣಾರೆ. ಪೂಜೆ ಮಾಡಿ ನಾನೇ ಕೆಡಿಸಿದ್ದೆ. ನೀವು ಕೊಟ್ಟಾಗ ಗಾಡಿ ಸರಿ ಇತ್ತು.’

ಅವರು ಬಾನೆಟ್ ಎತ್ತಿ, ತಲೆ ಬಾಗಿಸಿ ಇಂಜಿನ್ ಸದ್ದು ಕೇಳಿದರು. ‘ಸ್ಲೋ ಸ್ಪೀಡ್ ಜಾಸ್ತಿ ಇಟ್ಟಾನ ನಿಮ್ಮ ಮೆಕ್ಯಾನಿಕ್, ನಿಂತಾಗ್ಲೂ ಜೋರು ಓಡ್ತೈತೆ’ ಎಂದು ಒಳಗಿನಿಂದ ಸ್ಕ್ರೂಡ್ರೈವರ್ ತಂದು ಒಂದು ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು. ಸದ್ದು ಇಳಿದು ಮೆತ್ತಗಾಯಿತು.

‘ಗೊತ್ತಿತ್ತೇನೋ ಅಂತ ಅಂದುಬಿಟ್ಟೆ ಅವತ್ತು’ ಎಂದೆ.

‘ಹಂಗೆ ಅನ್ಲಿಲ್ಲ ನೀವು’ ಎಂದರು, ಬಾನೆಟ್ ಇಳಿಸುತ್ತ. ‘ಗೊತ್ತಿದ್ದೇ ನನ್ನ ತಲೆಗೆ ಕಟ್ಟಿದ್ರಿ ಅಂದ್ರಿ. ಹದಿನಾಲ್ಕು ವರ್ಷ ಸೀಟು ಹಿಡಿದವನಿಗೆ.’

ಅಲ್ಲ ಎನ್ನಲು ಆ ದಿನದ ಪುಟದಲ್ಲಿ ಫೋನಿನ ಮಾತೇ ಇರಲಿಲ್ಲ.

‘ಅಂದಿರ್ಬೇಕ್ರಿ’ ಎಂದೆ. ಪಕ್ಕದ ಸೀಟಿನ ಬಾಗಿಲು ತೆರೆದು, ‘ಹರಿಹರಕ್ಕೆ ಹೊಂಟೀರೇನು? ಬರ್ರಿ, ಬಿಡ್ತೀನಿ.’

ಅವರು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು. ‘ಇವತ್ತು ಬ್ಯಾಡ ಮೇಷ್ಟ್ರೆ. ಬಸ್ಸಿಗೆ ಹೋಗ್ತೀನಿ.’

ಅವರು ತಿರುವಿನಲ್ಲಿ ಮರೆಯಾಗುವವರೆಗೂ ಕಾರಿನಲ್ಲೇ ಕೂತಿದ್ದೆ. ಆಮೇಲೆ ಇಂಜಿನ್ ಓಡುತ್ತಿರುವಂತೆಯೇ, ಜೊತೆಗೆ ತಂದಿದ್ದ ದಿನಚರಿಯನ್ನು ಮೊಣಕಾಲ ಮೇಲಿಟ್ಟು ಬರೆದುಕೊಂಡೆ: ‘ಇವತ್ತು ಬ್ಯಾಡ’ ಎಂದರು. ಬರೀ ‘ಬ್ಯಾಡ’ ಅಲ್ಲ. ನಾಳೆಯ ಹೊತ್ತಿಗೆ ನನಗೇ ಅನುಮಾನ ಬರಬಹುದೆಂದು ‘ಇವತ್ತು’ ಎಂಬುದರ ಕೆಳಗೆ ಗೆರೆ ಎಳೆದೆ.